ಕಂಡರೂ ಅಂಪೈರ್ ಸುಮ್ಮನಿದ್ದುದೇಕೆ?

ಪ್ರಶ್ನೆ: ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯವೊಂದರಲ್ಲಿ ಒಬ್ಬಳು ಔಟಾಗಿ, ಎರಡನೇ ಮತ್ತು ಮೂರನೇ ಬೇಸ್‌ಗಳಲ್ಲಿ ಓಟಗಾರ್ತಿಯರಿದ್ದರು. ಎತ್ತರಕ್ಕೆ ಹೊಡೆದ ಚೆಂಡು ಕ್ಯಾಚ್ ಆಯಿತು. ಮೂರನೇ ಬೇಸಿನವಳು ಆಮೇಲೆ ಹೊರಟು ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದಳು. ಎರಡನೆಯದರಲ್ಲಿದ್ದವಳು ಕ್ಯಾಚಿಗೆ ಮೊದಲೇ ಓಡಿದ್ದಳು. ಎದುರು ತಂಡ ಕೇಳುವವರೆಗೂ ಅಂಪೈರ್ ಮಾತಾಡಲಿಲ್ಲ; ಕೇಳಿದ ಮೇಲೆ ಅವಳನ್ನು ಔಟ್ ಎಂದರೂ ರನ್ನನ್ನು ಉಳಿಸಿದರು. ಇದು ಸರಿಯೇ?
– ಓರ್ವ ಪೋಷಕರು, ಬದಿಯಡ್ಕ

ಉತ್ತರ: ಎರಡು ತೀರ್ಪುಗಳೂ ಸರಿಯಾಗಿವೆ. ಬೇಸ್ ಮುಟ್ಟದೆ ಮುಂದೆ ಹೋಗುವುದು, ಕ್ಯಾಚಿಗೆ ಮೊದಲೇ ಬೇಸ್ ಬಿಡುವುದು, ಸರದಿ ತಪ್ಪಿ ಬ್ಯಾಟ್ ಮಾಡುವುದು ಇವೆಲ್ಲ ಅಪೀಲಿನ ಮೇಲೆ ಮಾತ್ರ ತೀರ್ಮಾನವಾಗುವ ತಪ್ಪುಗಳು. ಅದನ್ನು ಗಮನಿಸಿ ಕೇಳುವುದು ಫೀಲ್ಡಿಂಗ್ ತಂಡದ ಹೊಣೆಯಾದ್ದರಿಂದ, ಅಂಪೈರ್ ಕೈಸನ್ನೆಯಿಂದಲೋ ಮುಖಭಾವದಿಂದಲೋ ಸುಳಿವು ಕೊಟ್ಟರೂ ಅದು ಒಂದು ತಂಡಕ್ಕೆ ನೆರವಾದಂತೆ. ಆ ಮೌನವನ್ನು ಪಕ್ಷಪಾತವೆಂದು ಶಂಕಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಕ್ರಿಕೆಟ್ಟಿನಲ್ಲೂ ಅಪೀಲಿಲ್ಲದೆ ಅಂಪೈರ್ ಔಟ್ ಕೊಡುವಂತಿಲ್ಲ. ಆದರೆ ಅಲ್ಲಿ ಒಂದೇ ಕೂಗು ಔಟಾಗುವ ಎಲ್ಲ ಬಗೆಗಳಿಗೂ ಸಲ್ಲುತ್ತದೆ. ಇಲ್ಲಿ ಯಾವ ಓಟಗಾರ್ತಿ, ಯಾವ ಬೇಸ್, ಏನು ತಪ್ಪು ಎಂಬುದು ಅಂಪೈರಿಗೆ ಸ್ಪಷ್ಟವಾಗಬೇಕು. ಆಟ ನಡೆಯುತ್ತಿರುವಾಗಲೇ ಚೆಂಡು ಹಿಡಿದು ಆ ಬೇಸನ್ನೋ ಓಟಗಾರ್ತಿಯನ್ನೋ ಮುಟ್ಟಿ ಕೇಳಬಹುದು. ಓಟಗಳೆಲ್ಲ ಮುಗಿದು ಅಂಪೈರ್ ಆಟ ನಿಲ್ಲಿಸಿದ ಮೇಲಾದರೆ ಇನ್‌ಫೀಲ್ಡರ್ (ಬೇಸ್‌ಗಳ ಬಳಿ ಫೀಲ್ಡಿಂಗ್ ಮಾಡುವವಳು) ಒಬ್ಬಳು ಬಾಯಿಮಾತಿನಲ್ಲಿ ಕೇಳಿದರೂ ಸಾಕು. ಯಾವುದಿದ್ದರೂ ಮುಂದಿನ ಪಿಚ್‌ಗೆ, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವುದಕ್ಕೆ, ಮೊದಲೇ ಆಗಬೇಕು. ಆ ಪಿಚ್ ನಿಯಮಬಾಹಿರವಾಗಿದ್ದರೂ ಅವಕಾಶ ಕಳೆದುಹೋಗುತ್ತದೆ. ಕೇಳಿದಾಗ ಉತ್ತರಿಸಬೇಕಾದ್ದರಿಂದ ಅಂಪೈರ್‌ಗಳು ಚೆಂಡು ಮೇಲೇರಿದ ಕೂಡಲೇ ಯಾರು ಕ್ಯಾಚ್ ನೋಡುವುದು, ಯಾರು ಯಾವ ಬೇಸಿನ ಕಾಲು ನೋಡುವುದು ಎಂದು ಹಂಚಿಕೊಂಡಿರುತ್ತಾರೆ. ಅವರು ಅಳೆಯುವುದು ಚೆಂಡು ಫೀಲ್ಡರ್‌ಗೆ ಮೊದಲು ತಾಗಿದ ಕ್ಷಣವನ್ನು. ಅದು ಗ್ಲೌಸಿನಲ್ಲಿ ಪುಟಿದು ಆಮೇಲೆ ಸಿಕ್ಕಿದರೂ, ತಾಗಿದ ಕೂಡಲೇ ಬೇಸ್ ಬಿಟ್ಟವಳು ತಪ್ಪಿತಸ್ಥೆಯಲ್ಲ.

ರನ್ ಉಳಿದದ್ದಕ್ಕೆ ಕಾರಣ ಬೇರೆ. ಕ್ಯಾಚ್ ಎರಡನೇ ಔಟ್, ಅಪೀಲಿನದು ಮೂರನೆಯದು. ಮೂರನೇ ಔಟ್ ಫೋರ್ಸ್ ಔಟ್ (ಹಿಂದಿನವಳಿಗೆ ಜಾಗ ಬಿಡಲು ಓಡಲೇಬೇಕಾದವಳು ಮುಂದಿನ ಬೇಸ್ ತಲುಪುವ ಮೊದಲೇ ಆಗುವ ಔಟ್) ಆಗಿದ್ದರೆ ರನ್ ರದ್ದಾಗುತ್ತಿತ್ತು; ಅವಸರದಲ್ಲಿ ಬೇಸ್ ಬಿಟ್ಟದ್ದಕ್ಕೆ ಅಪೀಲಿನಲ್ಲಿ ಸಿಕ್ಕುವ ಔಟ್ ಫೋರ್ಸ್ ಔಟ್ ಅಲ್ಲ. ಮುಂದಿದ್ದವಳು ನಿಯಮದಂತೆ ಹೊರಟು, ಅಪೀಲಿಗೆ ಮೊದಲೇ ಹೋಮ್ ಪ್ಲೇಟ್ ಮುಟ್ಟಿದ್ದರಿಂದ ಹಿಂದಿನವಳ ತಪ್ಪು ಅವಳ ರನ್ನನ್ನು ಕಸಿಯುವುದಿಲ್ಲ. ಮೂರನೇ ಬೇಸಿನವಳೇ ಮೊದಲು ಹೊರಟಿದ್ದು, ಅಪೀಲು ಅವಳ ಮೇಲೆ ಬಂದಿದ್ದರೆ, ಆ ರನ್ ಲೆಕ್ಕಕ್ಕೆ ಬರುತ್ತಿರಲಿಲ್ಲ.