ಕೆಲಸ ಮಾಡಿಕೊಂಡೇ ಬ್ಯಾಂಡ್‌ನಲ್ಲಿ ನುಡಿಸುವವರ ದಿನ ಹೇಗಿರುತ್ತದೆ?

ಮನೆಯಲ್ಲಿ ಒಬ್ಬರೇ ಆರು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೀರಿ. ಈಗ ಪರಿಚಯದವರ ಬ್ಯಾಂಡ್‌ನಿಂದ ಕರೆ ಬಂದಿದೆ. ಕೆಲಸದ ಜೊತೆ ಇದನ್ನು ನಿಭಾಯಿಸಲು ಆಗುತ್ತಾ, ಬೇರೆ ಹವ್ಯಾಸಗಳಿಗೆ ಸಮಯ ಉಳಿಯುತ್ತಾ ಎಂದು ಕೇಳಿದ್ದೀರಿ. ಆಗುತ್ತದೆ. ನಾನು ಹನ್ನೊಂದು ವರ್ಷದಿಂದ ಹೀಗೇ ಇದ್ದೇನೆ. ವಾರದಲ್ಲಿ ಐದು ದಿನ ಕಚೇರಿ, ತಿಂಗಳಿಗೆ ಎರಡು ಶೋ. ಐದು ಜನರ ಬ್ಯಾಂಡ್‌ನಲ್ಲಿ ನನ್ನದು ಬೇಸ್ ಗಿಟಾರ್. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊರಗಿನವರಿಗೆ ಕಾಣುವುದು ವೇದಿಕೆ. ನಮ್ಮ ಸಂಗೀತದ ಬಹುಪಾಲು ನಡೆಯುವುದು ಸೋಮವಾರದಿಂದ ಗುರುವಾರದವರೆಗೆ, ಯಾರೂ ನೋಡದ ಹೊತ್ತಿನಲ್ಲಿ. ಆ ದಿನಗಳು ನಿಮಗೆ ಇಷ್ಟವಾಗುತ್ತವೆಯೇ ಎಂದು ನೋಡಿಕೊಂಡರೆ ಸಾಕು.

ನನ್ನ ಬೇಸ್ ಯಾವಾಗಲೂ ಸ್ಟ್ಯಾಂಡ್ ಮೇಲೆ ನಿಂತಿರುತ್ತದೆ. ಚೀಲದೊಳಗಿದ್ದರೆ ಜಿಪ್ ತೆಗೆಯುವ ಮುಂಚೆಯೇ ಮನಸ್ಸು 'ನಾಳೆ ನೋಡೋಣ' ಅಂದುಬಿಡುತ್ತದೆ. ಕಣ್ಣೆದುರು ಇದ್ದರೆ ಸುಮ್ನೆ ಹೋಗುತ್ತಾ ಎತ್ತಿಕೊಳ್ಳುತ್ತೇವೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ 25 ನಿಮಿಷ, ಹೆಡ್‌ಫೋನ್ ಹಾಕಿಕೊಂಡು. ಮೊದಲ ಹತ್ತು ನಿಮಿಷ ಮೆಟ್ರೊನೋಮ್ ಜೊತೆ ಮಾತ್ರ, ಅಂದರೆ ಒಂದೇ ವೇಗದಲ್ಲಿ ಟಿಕ್ ಟಿಕ್ ಎಂದು ಲಯ ತೋರಿಸುವ ಸಾಧನ. ನಿಮಿಷಕ್ಕೆ 80 ಬಡಿತದ ಹಾಡು ಎಂದುಕೊಳ್ಳಿ. ನಾನು ಮೆಟ್ರೊನೋಮನ್ನು 40ಕ್ಕೆ ಇಡುತ್ತೇನೆ. ಕೇಳಿಸುವ ಟಿಕ್ಕುಗಳನ್ನು ಎರಡನೇ ಮತ್ತು ನಾಲ್ಕನೇ ಬಡಿತ ಎಂದು ಎಣಿಸುತ್ತೇನೆ. ಒಂದು ಮತ್ತು ಮೂರು ನನ್ನೊಳಗಿನಿಂದಲೇ ಬರಬೇಕು. ಅದು ಸರಿಯಾಗಿ ಕೂತ ಮೇಲೆ 20ಕ್ಕೆ ಇಳಿಸುತ್ತೇನೆ. ಆಗ ನಾಲ್ಕು ಬಡಿತಕ್ಕೆ ಒಂದೇ ಟಿಕ್. ನಡುವಿನ ಖಾಲಿ ಜಾಗದಲ್ಲಿ ನಾನು ಓಡುತ್ತಿದ್ದೇನಾ, ಹಿಂದೆ ಬೀಳುತ್ತಿದ್ದೇನಾ ಎಂಬುದು ಮುಂದಿನ ಟಿಕ್ ಬಿದ್ದ ಕೂಡಲೇ ಗೊತ್ತಾಗುತ್ತದೆ. ಮೊದಲ ಕೆಲವು ವಾರ ತುಂಬ ಕಷ್ಟವಾಯಿತು. ಆದರೆ ನನ್ನ ಲಯವನ್ನು ತಿದ್ದಿದ್ದು ಇದೇ, ಬೇರೆ ಯಾವ ಪಾಠವೂ ಅಲ್ಲ.

ಹೊಸ ಹಾಡು ಕಲಿಯುವುದು ಹೆಚ್ಚಾಗಿ ಓಡಾಟದ ಹೊತ್ತಿನಲ್ಲಿ, ಕೈಯಲ್ಲಿ ವಾದ್ಯ ಇಲ್ಲದೆ. ಒಂದು ಸಲ ಡ್ರಮ್ಸ್‌ನ ಕಿಕ್ (ಕಾಲಿನ ಪೆಡಲ್‌ನಿಂದ ಬಾರಿಸುವ ದೊಡ್ಡ ಡ್ರಮ್) ಮಾತ್ರ ಕೇಳುತ್ತೇನೆ. ಇನ್ನೊಂದು ಸಲ ಬೇಸ್ ಮಾತ್ರ. ಮೂರನೇ ಸಲ ಬೇಸ್ ಸಾಲನ್ನು ಮೆಲ್ಲಗೆ ಬಾಯಲ್ಲಿ ಹಾಡಿಕೊಳ್ಳುತ್ತೇನೆ. ಬಾಯಿಗೆ ಬಂದದ್ದು ಬೆರಳಿಗೆ ಬಂದೇ ಬರುತ್ತದೆ. ಆಮೇಲೆ ಕಾರ್ಡುಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಅಕ್ಷರದಲ್ಲಿ ಬರೆಯದೆ, ಸ್ಕೇಲ್‌ನ ಎಷ್ಟನೇ ಸ್ವರದ್ದು ಎಂದು ಅಂಕಿಯಲ್ಲಿ ಬರೆದುಕೊಳ್ಳುತ್ತೇನೆ. 1, 6, 4, 5 ಎಂದು ಬರೆದಿದ್ದರೆ, ಸಿ ಸ್ಕೇಲ್‌ನಲ್ಲಿ ಅದು ಸಿ, ಎ ಮೈನರ್, ಎಫ್, ಜಿ. ಡಿ ಸ್ಕೇಲ್‌ನಲ್ಲಿ ಡಿ, ಬಿ ಮೈನರ್, ಜಿ, ಎ. ಯಾಕೆ ಇಷ್ಟು ಕಷ್ಟ ಅಂದರೆ, ಹಾಡುವವರ ಗಂಟಲು ದಿನಕ್ಕೊಂದು ಥರ ಇರುತ್ತದೆ. ಶೀತವಾಗಿದ್ದ ದಿನ 'ಇವತ್ತು ಶ್ರುತಿ ಸ್ವಲ್ಪ ಇಳಿಸೋಣ' ಅಂತಾರೆ. ಅಕ್ಷರ ಬಾಯಿಪಾಠ ಮಾಡಿದವರು ಆಗ ತಡಬಡಾಯಿಸುತ್ತಾರೆ. ಅಂಕಿ ಗೊತ್ತಿದ್ದವರಿಗೆ ಕೈ ಇಡುವ ಜಾಗ ಬದಲಾಗುತ್ತದೆ, ಅಷ್ಟೇ. ಗಿಟಾರ್ ನುಡಿಸುವ ನಿಮಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಇದೆ. ಆದರೂ ಇದನ್ನು ಕಲಿತುಕೊಳ್ಳಿ. ಕೇಪೋ ಹಾಕಿ ಶ್ರುತಿ ಏರಿಸಬಹುದು, ಇಳಿಸಲು ಆಗುವುದಿಲ್ಲ.

ವಾರಕ್ಕೊಮ್ಮೆ ರಿಹರ್ಸಲ್, ಎರಡೂವರೆ ಗಂಟೆ. ಹಾಡು ಕಲಿಯುವುದು ಅದಕ್ಕೆ ಮುಂಚೆಯೇ ಮುಗಿದಿರಬೇಕು. ಅಲ್ಲಿ ಹಾಡು ಹೇಗೆ ಶುರು, ಎಲ್ಲಿ ನಿಲ್ಲುವುದು, ಯಾರು ಯಾರನ್ನು ನೋಡಬೇಕು ಎನ್ನುವುದನ್ನು ಕೂಡಿಸುತ್ತೇವೆ. ಎಷ್ಟೋ ಬಾರಿ ಅರ್ಧ ಗಂಟೆ ಬರೀ ಕೊನೆಯ ನಾಲ್ಕು ಸಾಲು ಮಾಡಿದ್ದೇವೆ. ಫೋನನ್ನು ಮೂಲೆಯಲ್ಲಿಟ್ಟು ಪೂರ್ತಿ ರೆಕಾರ್ಡ್ ಮಾಡುತ್ತೇವೆ. ಮಾರನೇ ದಿನ ಕೇಳಿದಾಗ ನುಡಿಸುವಾಗ ಕಾಣದ್ದು ಕಾಣುತ್ತದೆ. ಪಲ್ಲವಿ ಬಂದ ಕೂಡಲೇ ನಾನು ಖುಷಿಯಲ್ಲಿ ವೇಗ ಹೆಚ್ಚಿಸುತ್ತಿದ್ದೆ. ಅದನ್ನು ಯಾರೂ ಹೇಳಿರಲಿಲ್ಲ. ರೆಕಾರ್ಡಿಂಗ್ ಹೇಳಿತು.

ಇನ್ನು ಶೋ ದಿನ. ವೇದಿಕೆ ಮೇಲೆ ಇರುವುದು 45 ನಿಮಿಷದ ಎರಡು ಸೆಟ್. ಅದಕ್ಕೆ ಹಿಡಿಯುವುದು ಏಳೆಂಟು ಗಂಟೆ. ಸಾಮಾನು ತುಂಬುವುದು, ಇಳಿಸುವುದು, ಜೋಡಿಸುವುದು, ಸೌಂಡ್ ಚೆಕ್, ಕಾಯುವುದು, ನುಡಿಸುವುದು, ಮತ್ತೆ ಎಲ್ಲ ಬಿಚ್ಚಿ ತುಂಬುವುದು. ನನ್ನ ಹೊರೆ ಕಡಿಮೆಯೇ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರ್ ತರುವವರೆಗೆ ಬೇಸ್ ನುಡಿಸುವವರಲ್ಲಿ ಬಹುತೇಕರು ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗಬೇಕಿತ್ತು. ನನ್ನದು ನಾಲ್ಕು ಕಿಲೋದಷ್ಟು, ಬೆನ್ನಿಗೆ ಹಾಕಿಕೊಂಡರೆ ಆಯಿತು. ಹಾಗಾಗಿ ನಾನು ಡ್ರಮ್ಸ್ ಹೊರಲು ಕೈ ಜೋಡಿಸುತ್ತೇನೆ. ನೀವೂ ಹಾಗೆ ಮಾಡಿ. ಬ್ಯಾಂಡ್‌ನಲ್ಲಿ ಡ್ರಮ್ಮರ್‌ಗೆ ಸಾಮಾನು ಎತ್ತಿಕೊಡುವವರನ್ನು ಯಾರೂ ಮರೆಯುವುದಿಲ್ಲ.

ಸೌಂಡ್ ಚೆಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬೇಸ್‌ನ ದಪ್ಪ ತಂತಿಯನ್ನು ಒತ್ತದೆ ಮೀಟಿದರೆ ಬರುವ ಸ್ವರ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ ಆ ಸ್ವರದ ಒಂದೇ ಅಲೆ ಎಂಟು ಮೀಟರಿಗೂ ಉದ್ದ. ಇಷ್ಟು ಉದ್ದದ ಅಲೆ ಗೋಡೆಗೆ ಬಡಿದು ವಾಪಸು ಬಂದು ತನ್ನನ್ನೇ ಸೇರಿದಾಗ, ಹಾಲ್‌ನ ಒಂದು ಕಡೆ ಬೇಸ್ ಎದೆಗೆ ಗುದ್ದುತ್ತದೆ. ನಾಲ್ಕು ಹೆಜ್ಜೆ ಆಚೆ ಹೋದರೆ ಮಾಯವಾಗುತ್ತದೆ. ಮೂಲೆಗಳಲ್ಲಂತೂ ಯಾವಾಗಲೂ ಜಾಸ್ತಿ. ನಾನು ನಿಂತ ಜಾಗದಲ್ಲಿ ಕೇಳಿಸದಿದ್ದರೆ ಜನರಿಗೂ ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುವುದು ದೊಡ್ಡ ತಪ್ಪು. ನಾನು ಉದ್ದನೆಯ ಕೇಬಲ್ ಹಾಕಿಕೊಂಡು ಕೆಳಗಿಳಿದು, ಹಾಲ್ ನಡುವೆ ನಿಂತು ಎರಡು ಹಾಡು ನುಡಿಸುತ್ತೇನೆ. ಆಗ ತೀರ್ಮಾನ. ಖಾಲಿ ಹಾಲ್‌ನಲ್ಲಿ ಸದ್ದು ಕಿವಿಗೆ ಚುಚ್ಚುವ ಹಾಗಿದ್ದರೂ ಗಾಬರಿ ಬೇಡ. ಜನ ಬಂದು ಕೂತ ಮೇಲೆ ಅವರ ಮೈ, ಬಟ್ಟೆಗಳೇ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ. ಬೇಸ್ ಅಷ್ಟಾಗಿ ಕಡಿಮೆಯಾಗುವುದಿಲ್ಲ.

ಎಡವಟ್ಟುಗಳೂ ಆಗುತ್ತವೆ. ಒಮ್ಮೆ ನಮ್ಮ ಕೀಬೋರ್ಡ್‌ನಲ್ಲಿ ಹಿಂದಿನ ಹಾಡಿಗೆ ಒತ್ತಿದ್ದ, ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಹಾಗೇ ಉಳಿದಿತ್ತು. ಮುಂದಿನ ಹಾಡು ಕೀಬೋರ್ಡ್‌ನಿಂದಲೇ ಶುರು. ಅದು ಎರಡು ಮನೆ (ಗಿಟಾರ್‌ನ ಎರಡು ಫ್ರೆಟ್‌ನಷ್ಟು) ಮೇಲಿನ ಶ್ರುತಿಯಲ್ಲಿ ಶುರುವಾಯಿತು. ಹಾಡುವವರು ಅದೇ ಶ್ರುತಿ ಹಿಡಿದರು. ನಾನು ಮೊದಲ ಸ್ವರ ಮೀಟಿದ ಕೂಡಲೇ ಮೈ ಜುಮ್ಮೆಂದಿತು. ಗಿಟಾರಿಸ್ಟ್ ನನ್ನ ಮುಖ ನೋಡಿದರು. ನಾನು ಕತ್ತು ಎತ್ತಿ 'ಮೇಲೆ' ಎಂದು ಕಣ್ಣಲ್ಲೇ ಹೇಳಿ, ಕೈಯನ್ನು ಎರಡು ಮನೆ ಸರಿಸಿದೆ. ಅವರೂ ಸರಿಸಿದರು. ಇಡೀ ಹಾಡು ಹಾಗೇ ಹೋಯಿತು. ಪಾಪ, ಹಾಡುವವರು ಕೊನೆಯ ಸಾಲಿನಲ್ಲಿ ಎಷ್ಟು ಕಷ್ಟಪಟ್ಟರು ಎಂದು ಪಕ್ಕದಲ್ಲಿದ್ದ ನನಗೆ ಗೊತ್ತು. ಅಂಕಿಯಲ್ಲಿ ಬರೆದುಕೊಳ್ಳಿ ಎಂದು ಮೇಲೆ ಹೇಳಿದ್ದು ಇದಕ್ಕೇ.

ಕಿವಿಯ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಶುರುವಿನ ವರ್ಷಗಳಲ್ಲಿ ಒಂದು ಸಣ್ಣ ವೇದಿಕೆಯಲ್ಲಿ ಡ್ರಮ್ಸ್‌ನ ಸಿಂಬಲ್ (ಬಾರಿಸುವ ಲೋಹದ ತಟ್ಟೆ) ನನ್ನ ಎಡಗಿವಿಗೆ ಒಂದು ಮಾರು ದೂರದಲ್ಲಿತ್ತು. ರಾತ್ರಿ ಮಲಗಿದಾಗ ಕಿವಿಯೊಳಗೆ ಸಣ್ಣ ಸೀಟಿ. ಮಾರನೇ ದಿನ ಸಂಜೆಯವರೆಗೂ ಹೋಗಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಆಮೇಲೆ ಓದಿಕೊಂಡೆ. ಕೆಲಸದ ಜಾಗದ ಸದ್ದಿನ ಬಗ್ಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ ಹೀಗಿದೆ: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ 15 ನಿಮಿಷ. ಡ್ರಮ್ಸ್ ಪಕ್ಕದಲ್ಲಿ ನಿಂತು ಎರಡು ಸೆಟ್ ನುಡಿಸುವವರು ಆ ಮಿತಿಯನ್ನು ಸುಲಭವಾಗಿ ದಾಟುತ್ತಾರೆ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ. ಮಾಮೂಲಿ ಸ್ಪಂಜಿನದು ಮೇಲಿನ ಸ್ವರಗಳನ್ನು ಜಾಸ್ತಿ ಕಡಿದು ಎಲ್ಲವನ್ನೂ ಮಂಕು ಮಾಡುತ್ತದೆ. ಫಿಲ್ಟರ್ ಇರುವ ಇದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ. ನಾಲ್ಕು ಶೋ ಆಗುವಷ್ಟರಲ್ಲಿ ಅಭ್ಯಾಸವಾಗುತ್ತದೆ. ಈಗ ಅದಿಲ್ಲದೆ ನಾನು ರಿಹರ್ಸಲ್‌ಗೂ ಹೋಗುವುದಿಲ್ಲ.

ಇಷ್ಟೆಲ್ಲ ಯಾಕೆ ಮಾಡುತ್ತೀರಿ ಅಂದರೆ, ನನ್ನ ಉತ್ತರ ಡ್ರಮ್ಮರ್‌ನ ಬಲಗಾಲು. ನನಗೆ ಕೇಳಿಸಲೆಂದು ಇಟ್ಟಿದ್ದ ಮಾನಿಟರ್ ಸ್ಪೀಕರ್ ಒಂದು ಶೋನಲ್ಲಿ ಎರಡನೇ ಹಾಡಿಗೇ ನಿಂತುಹೋಯಿತು. ನನ್ನ ಸದ್ದೇ ನನಗೆ ಕೇಳಿಸುತ್ತಿರಲಿಲ್ಲ. ಡ್ರಮ್ಮರ್ ಕಡೆ ತಿರುಗಿ ನಿಂತು, ಕಿಕ್ ಪೆಡಲ್ ಮೇಲಿನ ಶೂ ನೋಡುತ್ತಾ ನುಡಿಸಿದೆ. ಹಿಮ್ಮಡಿ ಏಳುತ್ತದೆ, ನನ್ನ ಬೆರಳು ತಂತಿ ಮೇಲೆ ಸಿದ್ಧವಾಗುತ್ತದೆ. ಪಾದ ಬೀಳುತ್ತದೆ, ಬೆರಳು ಎಳೆಯುತ್ತದೆ. ಸ್ವಲ್ಪ ಹೊತ್ತಿಗೆ ಕಿಕ್ಕಿನ 'ಧಪ್' ಮತ್ತು ನನ್ನ ತಂತಿ ಒಂದೇ ವಾದ್ಯದ ಹಾಗೆ ಆಯಿತು. ನೆಲದ ಹಲಗೆಯ ಮೂಲಕ ಅದು ಅಂಗಾಲಿಗೆ ತಾಗುತ್ತಿತ್ತು. ಅವರು ತಲೆ ಎತ್ತಿ ನಕ್ಕರು. ಮುಂದೆ ಕೂತವರು ಯಾರೂ ನಮ್ಮಿಬ್ಬರನ್ನು ನೋಡುತ್ತಿರಲಿಲ್ಲ. ಆದರೆ ಅವರ ಕಾಲುಗಳು ಕುಣಿಯುತ್ತಿದ್ದವು. ಅಂಥ ಮೂರು ನಿಮಿಷಕ್ಕಾಗಿ ನಾನು ಒಂದು ತಿಂಗಳು ಮೆಟ್ರೊನೋಮ್ ಜೊತೆ ಕೂರಲು ತಯಾರು.

ಬೇರೆ ಹವ್ಯಾಸದ ಪ್ರಶ್ನೆಗೆ ಬರುತ್ತೇನೆ. ಕೆಲವು ಬಿಟ್ಟುಹೋದವು, ಸುಳ್ಳು ಹೇಳುವುದಿಲ್ಲ. ಮೊದಲಿನಷ್ಟು ಕಾದಂಬರಿ ಓದಲು ಆಗುತ್ತಿಲ್ಲ. ಶೋ ಮುಗಿದ ರಾತ್ರಿ ಎರಡು ಗಂಟೆಯವರೆಗೂ ನಿದ್ದೆ ಹತ್ತುವುದಿಲ್ಲ, ಹಾಗಾಗಿ ಮರುದಿನ ಬೆಳಿಗ್ಗೆ ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ. ಮನೆಯವರ ಮುಖ್ಯ ದಿನಗಳನ್ನು ವರ್ಷದ ಶುರುವಿನಲ್ಲೇ ಬ್ಯಾಂಡ್‌ಗೆ ಹೇಳಿಬಿಡುತ್ತೇನೆ. ಆ ದಿನಗಳಿಗೆ ಶೋ ಬಂದರೆ ಇಲ್ಲ ಅಂತ ಹೇಳಿಬಿಡುವುದೇ. ಇದರಲ್ಲಿ ಮುಲಾಜು ಇಟ್ಟುಕೊಂಡ ವರ್ಷ ಮನೆಯಲ್ಲೂ ನೆಮ್ಮದಿ ಇರಲಿಲ್ಲ, ಬ್ಯಾಂಡ್‌ನಲ್ಲೂ ಇರಲಿಲ್ಲ.

ಆದರೆ ಹೊಸ ಹವ್ಯಾಸಗಳೂ ಬಂದವು. ಒಂದು, ಕಿವಿಗೆ ಏನೂ ಹಾಕಿಕೊಳ್ಳದೆ ನಡೆಯುವುದು. ಕಿವಿಗೂ ರಜೆ ಬೇಕಲ್ವಾ. ಇನ್ನೊಂದು, ಕೇಬಲ್ ಮಾಡುವುದು. ಶೋನಲ್ಲಿ ಕೈ ಕೊಡುವುದು ಹೆಚ್ಚಾಗಿ ಕೇಬಲ್ಲೇ, ಅದೂ ತುದಿಯಲ್ಲಿ ಚುಚ್ಚುವ ಜ್ಯಾಕ್ ಹತ್ತಿರ. ಅದಕ್ಕೇ ಬೆಸುಗೆ ಕಲಿತೆ. ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ದೀಪ ಹತ್ತಿರಕ್ಕೆ ಎಳೆದುಕೊಂಡು ಕೂರುತ್ತೇನೆ. ಮೊದಲು ಜ್ಯಾಕ್‌ನ ಮುಚ್ಚಳವನ್ನು ಕೇಬಲ್‌ಗೆ ಪೋಣಿಸಬೇಕು. ಬೆಸುಗೆ ಆದ ಮೇಲೆ ನೆನಪಾದರೆ ಎಲ್ಲ ಬಿಚ್ಚಬೇಕಾಗುತ್ತದೆ. ಆಮೇಲೆ ಹೊರಗಿನ ಜಾಲರಿ ತಂತಿಯನ್ನು ಹೊಸೆದು ಒಂದು ಕಡೆ, ಒಳಗಿನ ತಂತಿ ಇನ್ನೊಂದು ಕಡೆ. ಕಾಯಿಸಬೇಕಾದದ್ದು ಜ್ಯಾಕ್ ಮತ್ತು ತಂತಿ ಸೇರುವ ಜಾಗವನ್ನು, ಸೀಸವನ್ನಲ್ಲ. ಜಾಗ ಸಾಕಷ್ಟು ಕಾದಾಗ ಸೀಸ ತಾನೇ ಕರಗಿ ನೀರಿನ ಹಾಗೆ ಒಳಗೆ ಇಳಿಯುತ್ತದೆ, ಮೇಲೆ ಹೊಳಪು ನಿಲ್ಲುತ್ತದೆ. ಮಂಕಾಗಿ ಉಂಡೆ ಕಟ್ಟಿದರೆ ಅದು ಸರಿಯಾಗಿ ಹಿಡಿದಿಲ್ಲ ಎಂದರ್ಥ, ಮತ್ತೆ ಮಾಡಬೇಕು. ಕಿಟಕಿ ಮಾತ್ರ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ. ಈಗ ಇಡೀ ಬ್ಯಾಂಡ್‌ನ ಕೇಬಲ್‌ಗಳು ನನ್ನ ಕೈಯಲ್ಲೇ ಆದವು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೂಂ ಅನ್ನುತ್ತಿದ್ದೆ. ಆದರೆ ಮೊದಲು ಅವರ ಹತ್ತಿರ ಹಾಡುಗಳ ಪಟ್ಟಿ ಮತ್ತು ಪ್ರತಿ ಹಾಡಿನ ಸ್ಕೇಲ್ ಕೇಳಿ. ತಿಂಗಳಿಗೆ ಎಷ್ಟು ಶೋ, ರಿಹರ್ಸಲ್ ಯಾವ ದಿನ ಎಂದು ಕೇಳಿ. ಎಲ್ಲ ಹಾಡು ಬೇಡ, ಮೂರನ್ನು ಪೂರ್ತಿ ಕಲಿತು ಮೊದಲ ರಿಹರ್ಸಲ್‌ಗೆ ಹೋಗಿ. ಚೀಲದಲ್ಲಿ ಒಂದು ಜೊತೆ ಹೊಸ ತಂತಿ, ಒಂದು ಹೆಚ್ಚುವರಿ ಕೇಬಲ್, ಟ್ಯೂನರ್, ಇಯರ್‌ಪ್ಲಗ್ ಇರಲಿ. ಆಂಪ್ಲಿಫೈಯರನ್ನು ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆಯಲ್ಲೇ ಇಡಿ. ಸಾಧ್ಯವಾದರೆ ಡ್ರಮ್ಮರ್‌ನ ಬಲಗಾಲು ಕಾಣುವ ಹಾಗೆ ನಿಂತುಕೊಳ್ಳಿ. ಮೊದಲ ರಿಹರ್ಸಲ್ ಹೇಗಾಯಿತು ಎಂದು ಇಲ್ಲೇ ಬರೆಯಿರಿ, ನಾನು ಓದುತ್ತೇನೆ.