ಹುಲಿಗಿಯಿಂದ ಆನೆಗೊಂದಿಗೆ ಹೊಲ, ಗುಡ್ಡದ ಹಾದಿಯಲ್ಲಿ ನಡೆದು ಹೋಗಬಹುದೇ? ಮೊಬೈಲ್ ಮ್ಯಾಪ್ ಸಾಕಾಗುತ್ತದೆಯೇ?

ನಡೆದು ಹೋಗಬಹುದು. ಮ್ಯಾಪ್ ಮಾತ್ರ ಸಾಕಾಗುವುದಿಲ್ಲ. ನೀವು ಡಾಂಬರು ರಸ್ತೆ ಬಿಟ್ಟು ಹೋಗಬೇಕು, ನಡುವೆ ಗುಡ್ಡದ ಮೇಲೆ ಪುರಾತನ ಕಲ್ಲಿನ ಗೋರಿಗಳಿರುವ ಹಿರೇಬೆಣಕಲ್ ಕೂಡ ನೋಡಬೇಕು ಅಂದಿದ್ದೀರಿ. ಕೊಪ್ಪಳ ಜಿಲ್ಲೆಯ ಈ ಭಾಗದಲ್ಲಿ ಯಾವ ಹಾದಿ ತೆರೆದಿದೆ, ಯಾವುದು ಮುಚ್ಚಿದೆ ಅನ್ನೋದನ್ನು ತೀರ್ಮಾನಿಸುವುದು ನೀರು. ಡ್ಯಾಮಿನಿಂದ ತುಂಗಭದ್ರಾ ಹೊಳೆಗೆ ಎಷ್ಟು ಬಿಟ್ಟಿದ್ದಾರೆ, ಕಾಲುವೆಯಲ್ಲಿ ಹರಿಯುತ್ತಿದೆಯೇ, ಗದ್ದೆಯಲ್ಲಿ ನಿಂತಿದೆಯೇ, ಇದನ್ನು ಮೊದಲು ತಿಳಿದುಕೊಳ್ಳಿ.

ಮುನಿರಾಬಾದ್‌ನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಸಮತಟ್ಟಾಗಿದೆ, ದಿಕ್ಕು ತಪ್ಪುವ ಭಯವಿಲ್ಲ. ಆದರೆ ದಾಟುವ ಸೇತುವೆ ಬೇಕೆಂದಲ್ಲಿ ಸಿಗುವುದಿಲ್ಲ. ಆಚೆ ದಂಡೆಯ ಊರು ಕಣ್ಣೆದುರೇ ಇರುತ್ತದೆ, ಅಲ್ಲಿಗೆ ಹೋಗಲು ದೂರ ಸುತ್ತಬೇಕಾಗುತ್ತದೆ. ಹಾಗಾಗಿ ಯಾವ ದಂಡೆ ಹಿಡಿಯಬೇಕು ಅಂತ ಹೊರಡುವಾಗಲೇ ಕೇಳಿಕೊಳ್ಳಿ. ಮುಂದೆ ಪಾಪಯ್ಯ ಟನಲ್ ಬಳಿ ಕಾಲುವೆ ಗುಡ್ಡದೊಳಗೇ ಹೋಗಿಬಿಡುತ್ತದೆ. ಅಲ್ಲಿಗೆ ಏರಿಯ ಹಾದಿ ಮುಗಿಯಿತು, ಗುಡ್ಡ ಸುತ್ತಲೇಬೇಕು. ಇನ್ನೊಂದು ಮಾತು, ದಯವಿಟ್ಟು ಕೇಳಿ. ಕೈಕಾಲು ತೊಳೆಯಲು ಕೂಡ ಕಾಲುವೆಗೆ ಇಳಿಯಬೇಡಿ. ಸೆಳೆತ ಜೋರು, ಇಳಿಜಾರು ಗೋಡೆಗೆ ಪಾಚಿ ಹಿಡಿದಿರುತ್ತದೆ, ಬಿದ್ದರೆ ಹತ್ತಿ ಬರುವುದು ಕಷ್ಟ. 2025ರ ಮಾರ್ಚ್‌ನಲ್ಲಿ ಆನೆಗೊಂದಿ ಸಮೀಪದ ಸಾಣಾಪುರದ ಹತ್ತಿರ ಕಾಲುವೆ ದಂಡೆಯಲ್ಲಿ ರಾತ್ರಿ ಕುಳಿತಿದ್ದವರ ಮೇಲೆ ದುಷ್ಕರ್ಮಿಗಳಿಂದ ಭೀಕರ ದಾಳಿ ನಡೆಯಿತು. ಸಂಜೆಯೊಳಗೆ ಊರು ಸೇರಿಬಿಡಿ.

ಗದ್ದೆಗಳ ವಿಷಯಕ್ಕೆ ಬಂದರೆ, ಗಂಗಾವತಿ ಭಾಗ ಭತ್ತದ ಕಣಜ. ಮ್ಯಾಪಿನಲ್ಲಿ ಗೆರೆ ಕಾಣುವ ಜಾಗದಲ್ಲಿ ಮೊಳಕಾಲುದ್ದ ಕೆಸರು ಇರಬಹುದು. ನಾಟಿ ಕಾಲದಲ್ಲಿ ಬದುಗಳಿಗೆ ಹೊಸದಾಗಿ ಮಣ್ಣು ಮೆತ್ತಿರುತ್ತಾರೆ. ಅದನ್ನು ತುಳಿದು ಒಡೆದರೆ ಆ ಮಡಿಯ ನೀರೇ ಹೋಗುತ್ತದೆ, ರೈತರು ಸಿಟ್ಟಾಗುವುದು ಸರಿಯೇ ಅಲ್ವಾ? ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿ ಅಂತ ಚುಕ್ಕೆ ಗೆರೆ ಹಾಕಿರುತ್ತಾರೆ. ನಿಜವಾಗಿ ನೋಡಿದರೆ ಎಷ್ಟೋ ಕಡೆ ಉಳುಮೆಯಲ್ಲಿ ಸೇರಿಹೋಗಿವೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಉಪಯೋಗವಾಗುತ್ತದೆ. ಹಾಗಂತ ಅದನ್ನು ತೋರಿಸಿ ಯಾರ ಹೊಲದಲ್ಲೂ ವಾದಕ್ಕೆ ನಿಲ್ಲಬೇಡಿ. ಕೇಳಿದರೆ ಬಹಳ ಜನ ತಾವೇ ಎದ್ದು ಬಂದು ದಾರಿ ತೋರಿಸುತ್ತಾರೆ.

ಕೇಳುವ ರೀತಿಯೂ ಮುಖ್ಯ. "ಇದು ಸಾಣಾಪುರದ ದಾರಿನಾ?" ಅಂದರೆ ಹೌದು ಅಂತ ಬೈಕ್ ಹೋಗುವ ರಸ್ತೆಗೆ ಕಳಿಸುತ್ತಾರೆ. "ಅಣ್ಣಾ, ಸಾಣಾಪುರಕ್ಕ ನಡಕೊಂಡು ಹೋಗೋ ಹಾದಿ ಯಾಕಡೆ ಐತಿ?" ಅಂತ ಕೇಳಿ. ಕುರಿ ಕಾಯುವವರು ಸಿಕ್ಕರೆ ಅವರನ್ನೇ ಕೇಳಿ. ಗುಡ್ಡದ ಯಾವ ಸಂದಿನಲ್ಲಿ ಆಚೆ ದಾಟಬಹುದು ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಹಿರೇಬೆಣಕಲ್‌ಗೆ ಒಂದು ದಿನ ಪೂರ್ತಿ ಇಟ್ಟುಕೊಳ್ಳಿ. ಕೊಪ್ಪಳ–ಗಂಗಾವತಿ ರಸ್ತೆಯ ಪಕ್ಕದ ಊರಿನಿಂದ ಗುಡ್ಡ ಹತ್ತಬೇಕು. ಬಂಡೆಗಳ ಮೇಲೆ ಅಲ್ಲಲ್ಲಿ ಬಾಣದ ಗುರುತಿದೆ, ಮಳೆಗಾಲದಲ್ಲಿ ಹುಲ್ಲು ಬೆಳೆದಾಗ ಅದು ಕಾಣುವುದಿಲ್ಲ. ಬಂಡೆಗಳೆಲ್ಲ ಒಂದೇ ಥರ ಇರುವುದರಿಂದ ಇಳಿಯುವಾಗ ದಾರಿ ತಪ್ಪುವವರು ಜಾಸ್ತಿ. ಹತ್ತುವಾಗಲೇ ಆಗಾಗ ಹಿಂದೆ ತಿರುಗಿ ನೋಡಿ, ಫೋಟೋ ತೆಗೆದುಕೊಳ್ಳಿ. ಮೇಲೆ 2,000 ವರ್ಷಕ್ಕೂ ಹಳೆಯ ಕಲ್ಲಿನ ಗೋರಿ ಮನೆಗಳು ನೂರಾರಿವೆ. ಬಡಿದರೆ ಸದ್ದು ಮಾಡುವ ದೊಡ್ಡ ಕಲ್ಲಿನ ನಗಾರಿಯೂ ಇದೆ. ಊರವರು ಮೋರ್ಯರ ಗುಡ್ಡ ಅನ್ನುತ್ತಾರೆ, ಹಾಗೇ ಕೇಳಿದರೆ ಬೇಗ ತಿಳಿಯುತ್ತದೆ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ದಿನದ ಕೂಲಿ ಕೊಡಿ. ಕರಡಿ, ಚಿರತೆ ಇರುವ ಗುಡ್ಡಗಳಿವು. 2020ರ ಕೊನೆಗೆ ಆನೆಗೊಂದಿ ಬಳಿ ಚಿರತೆ ದಾಳಿಯಲ್ಲಿ ಜೀವವೇ ಹೋಗಿದೆ.

ಡಿಸೆಂಬರ್‌ನಿಂದ ಫೆಬ್ರವರಿ ನಡೆಯಲು ಒಳ್ಳೆಯ ಕಾಲ. ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ಜನಜಂಗುಳಿ, ಉಳಿಯಲು ಜಾಗ ಸಿಗುವುದು ಕಷ್ಟ, ಬೇರೆ ದಿನ ಹೊರಡಿ. ಆನೆಗೊಂದಿಯಿಂದ ಹೊಳೆ ದಾಟಿ ಹಂಪಿಗೂ ಹೋಗುವುದಾದರೆ, ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ತೆಪ್ಪ ಹಾಕುವುದಿಲ್ಲ. ಆಗ ಕಡೆಬಾಗಿಲು–ಬುಕ್ಕಸಾಗರ ಸೇತುವೆ ಹಿಡಿಯಿರಿ.