ಸೊಲ್ಲಾಪುರದ ಹೆಬ್ಬಾತುಗಳು ಎವರೆಸ್ಟ್ ದಾಟಿ ಬರುತ್ತವಾ? ಕಡಿಮೆ ಆಗ್ತಿವೆಯಾ?

ಹಿಮಾಲಯ ದಾಟುವುದು ನಿಜ, ಎವರೆಸ್ಟ್ ಶಿಖರದ ಮೇಲಲ್ಲ. ನಮ್ಮ ಹಿಪ್ಪರಗಾ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆ. ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ಹೆಚ್ಚಿನ ಹಾರಾಟ 5,500 ಮೀಟರ್ ಒಳಗೇ ಇತ್ತು. ಅತಿ ಎತ್ತರ ಸುಮಾರು 7,290 ಮೀಟರ್. ಸುಮ್ನೆ ಮೇಲೇರಿ ನೇರ ಹೋಗುವುದಿಲ್ಲ. ಬೆಟ್ಟ ಏರಿದಂತೆ ಏರಿ, ಕಣಿವೆ ಬಂದರೆ ಇಳಿಯುತ್ತವೆ. ತೆಳು ಗಾಳಿಯಲ್ಲಿ ರೆಕ್ಕೆ ಬಡಿಯೋದು ಬಹಳ ದುಬಾರಿ, ಅದಕ್ಕೇ ಈ ಉಪಾಯ. ಜಾಸ್ತಿ ಹಾರುವುದು ರಾತ್ರಿ, ನಸುಕಿನಲ್ಲಿ. ತಂಪು ಗಾಳಿ ದಟ್ಟವಾಗಿರುತ್ತೆ ಅಲ್ವಾ? ರಕ್ತದ ಹಿಮೋಗ್ಲೋಬಿನ್ ಕೂಡ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ.

ಇನ್ನು ಸಂಖ್ಯೆ. ಒಟ್ಟಾರೆ ಇಳಿಯುತ್ತಿದೆ ಎಂದೇ ಐಯುಸಿಎನ್ (ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತಾರಾಷ್ಟ್ರೀಯ ಸಂಸ್ಥೆ) ಪಟ್ಟಿ ಹೇಳುತ್ತದೆ, ಆದರೆ ಅಳಿವಿನಂಚಿನ ಗುಂಪಿನಲ್ಲಿಲ್ಲ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತವು. ಅದರಲ್ಲಿ ಇವೂ ಬಹಳ ಇದ್ದವು.

ಈ ವರ್ಷ ನಮ್ಮ ಕೆರೆಯಲ್ಲಿ ಕಾಣಲಿಲ್ಲ ಅಂದರೆ ಕಡಿಮೆಯಾದವು ಅಂತಲ್ಲ. ಮಳೆ ಚೆನ್ನಾಗಿ ಬಿದ್ದ ವರ್ಷ ಎಲ್ಲ ಕಡೆ ನೀರು, ಹಾಗಾಗಿ ಹಂಚಿಹೋಗುತ್ತವೆ. ಗದಗದ ಮಾಗಡಿ ಕೆರೆಗೂ ಇದೇ ಹಕ್ಕಿ ಬರುತ್ತದೆ. 1987ರಿಂದ ಪ್ರತಿ ಜನವರಿ ನಡೆಯುವ ಏಷ್ಯನ್ ನೀರುಹಕ್ಕಿ ಗಣತಿಯಂಥ ಹಲವು ವರ್ಷಗಳ ಎಣಿಕೆಯನ್ನೇ ನಂಬಬೇಕು.